ಸಿನಿಮಾದ ಹಾಡು, ಮೈಬಣ್ಣ, ಜನಾಂಗ: ಇದರಲ್ಲಿ ಸಂಶೋಧನೆ ಸಾಧ್ಯವೇ?

ಉಡುಪಿಯ ವಿದ್ಯಾರ್ಥಿನಿ:
ಎಂ.ಎ. ಮುಗಿಸಿ ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದೇನೆ. ಹಾಡು-ಕುಣಿತದ ಸಿನಿಮಾಗಳಲ್ಲಿ ಜನಾಂಗ ಮತ್ತು ಮೈಬಣ್ಣ ಹೇಗೆ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಅಭ್ಯಸಿಸುವ ಆಸೆಯನ್ನು ಹಿರಿಯರೊಬ್ಬರಲ್ಲಿ ಹೇಳಿಕೊಂಡಾಗ, ‘ಹಾಡು ಬಂದ ಕೂಡಲೇ ಜನ ಚಾ ಕುಡಿಯಲು ಎದ್ದು ಹೋಗುತ್ತಾರೆ, ಅದರಲ್ಲೇನು ಸಂಶೋಧನೆ’ ಎಂದುಬಿಟ್ಟರು. ಇಂಥ ವಿಷಯದ ಮೇಲೆಯೇ ದೀರ್ಘಕಾಲ ಕೆಲಸ ಮಾಡಿದ ವಿದ್ವಾಂಸರಿದ್ದಾರೆಯೇ?

ಮಣಿಪಾಲದ ನಿವೃತ್ತ ಅಧ್ಯಾಪಕ:
ಖಂಡಿತ ಇದ್ದಾರೆ. 1945ರಲ್ಲಿ ಹುಟ್ಟಿದ ಇಂಗ್ಲೆಂಡಿನ ರಿಚರ್ಡ್ ಡೈಯರ್ ಅವರನ್ನು ಮೊದಲು ಓದಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡಿ, ವಾರ್ವಿಕ್‌ನಲ್ಲಿಯೂ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿಯೂ ಪಾಠ ಹೇಳಿದವರು. ದುಡಿದು ದಣಿದ ಜನರಿಗೆ ಸಂಗೀತಪ್ರಧಾನ ಚಿತ್ರಗಳು ಸಮೃದ್ಧಿ, ಚೈತನ್ಯ, ಒಗ್ಗಟ್ಟುಗಳ ಅನುಭವವನ್ನು ಹೇಗೆ ಕೊಡುತ್ತವೆ ಎಂದು 1977ರ ಪ್ರಬಂಧದಲ್ಲಿ ವಿವರಿಸಿದ ಅವರು, ಆ ಸುಖ ಪರದೆಯ ಮೇಲೆ ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಮುಂದೆ ತಾವೇ ಎತ್ತಿಕೊಂಡರು. 1997ರ ‘ವೈಟ್’ ಕೃತಿಯಲ್ಲಂತೂ ಬಿಳಿಯರನ್ನೇ ಒಂದು ಜನಾಂಗವಾಗಿ ನೋಡಿ, ಸಿನಿಮಾದ ಬೆಳಕಿನ ವಿನ್ಯಾಸ ಕೂಡ ಬಿಳಿ ಮೈಬಣ್ಣವನ್ನು ಮಾದರಿಯಾಗಿಟ್ಟುಕೊಂಡೇ ಬೆಳೆಯಿತೆಂದು ತೋರಿಸಿದರು.

ಕೊಡಿಯಾಲ್‌ಬೈಲಿನ ಓದುಗ:
ಹಾಡಿಗೆ ಎದ್ದು ಹೋಗುವ ಮಾತು ಬಂದುದರಿಂದ ಹೇಳುತ್ತೇನೆ. 1940ರ ದಶಕದಲ್ಲಿ ಎಂಜಿಎಂ ಸಂಸ್ಥೆ (ಉಡುಪಿಯ ಕಾಲೇಜಲ್ಲ, ಹಾಲಿವುಡ್ಡಿನ ಚಿತ್ರ ನಿರ್ಮಾಣ ಕಂಪನಿ) ಕಪ್ಪು ಗಾಯಕಿ ಲೀನಾ ಹಾರ್ನ್ ಅವರ ಹಾಡುಗಳನ್ನು ಅನೇಕ ಚಿತ್ರಗಳಲ್ಲಿ ಕಥೆಗೆ ಅಂಟದಂತೆ ಪ್ರತ್ಯೇಕವಾಗಿ ಇರಿಸುತ್ತಿತ್ತು. ವರ್ಣಭೇದ ಪಾಲಿಸುತ್ತಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಚಿತ್ರಮಂದಿರಗಳು ಆ ಭಾಗವನ್ನು ಕತ್ತರಿಸಿದರೂ ಕಥೆ ಕೆಡುತ್ತಿರಲಿಲ್ಲ. ಅಲ್ಲಿ ಪ್ರೇಕ್ಷಕ ಎದ್ದು ಹೋಗಬೇಕಾಗಿರಲಿಲ್ಲ, ಹಾಡನ್ನೇ ಎಬ್ಬಿಸಿ ಕಳುಹಿಸುತ್ತಿದ್ದರು.

ಕುಂದಾಪುರದವರು:
ವಿದ್ಯಾರ್ಥಿನಿಯವರು ಅಮೆರಿಕದ ವಿದ್ವಾಂಸ ಮೈಕೆಲ್ ರೋಗಿನ್ ಅವರನ್ನೂ ಓದಬೇಕು. ಲಿಥುವೇನಿಯಾದಿಂದ ಬಾಲ್ಯದಲ್ಲಿ ವಲಸೆ ಬಂದ ಯಹೂದಿ ಅಲ್ ಜೋಲ್ಸನ್, 1927ರ ‘ದಿ ಜಾಝ್ ಸಿಂಗರ್’ ಚಿತ್ರದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಹಾಡಿದ್ದನ್ನು ರೋಗಿನ್ 1996ರ ಪುಸ್ತಕದಲ್ಲಿ ಚರ್ಚಿಸುತ್ತಾ, ಕರಿಯರ ಮುಖವಾಡ ತೊಟ್ಟೇ ವಲಸಿಗರು ಅಮೆರಿಕನ್ನರಾದರು ಎಂದು ವಾದಿಸಿದರು.

ನಮ್ಮವರಿಗೆ ಇದು ದೂರದ ಕಥೆಯಾಗಬಾರದು. ಮೈಗೆ ಕಪ್ಪು ಬಳಿದು ನವರಾತ್ರಿಯಲ್ಲಿ ಬೇರೆಯವರು ಹಾಕುತ್ತಿದ್ದ ಕೊರಗರ (ಅಸ್ಪೃಶ್ಯರೆನಿಸಿದ್ದ ನಮ್ಮ ಕರಾವಳಿಯ ಬುಡಕಟ್ಟಿನವರ) ವೇಷವನ್ನು ನೋಡಿ ನಾನೂ ಚಿಕ್ಕಂದಿನಲ್ಲಿ ನಕ್ಕಿದ್ದೇನೆ. ಕೊರಗರಿಂದ ಬಲವಂತವಾಗಿ ಮಾಡಿಸುತ್ತಿದ್ದ ಅಜಲು ಚಾಕರಿಯನ್ನು 2000ದ ಕಾನೂನು ನಿಷೇಧಿಸಿತು. ಕಂಬಳದಲ್ಲಿ ಅವರಿಂದ ಡೋಲು ಬಾರಿಸುವುದೂ ಆ ಚಾಕರಿಗೆ ಸೇರಿತ್ತು. ಹಾಗಾಗಿ ‘ಅವರಿಗೆ ಸಂಗೀತ ರಕ್ತದಲ್ಲೇ ಇದೆ’ ಎಂಬ ಮಾತು, ಅಲ್ಲಿಯ ಕರಿಯರ ಬಗ್ಗೆಯಾದರೂ ಇಲ್ಲಿಯ ಕೊರಗರ ಬಗ್ಗೆಯಾದರೂ, ನನಗೆ ಅನುಮಾನ ಹುಟ್ಟಿಸುತ್ತದೆ. ಆದರೆ ಅಲ್ಲಿಯ ಜನಾಂಗದ ಚೌಕಟ್ಟಿಗೆ ನಮ್ಮ ಜಾತಿಯನ್ನು ಹಾಗೆಯೇ ತುರುಕಿದರೆ ಎರಡೂ ಅರ್ಥವಾಗುವುದಿಲ್ಲ, ಅಸ್ಪೃಶ್ಯತೆಯ ಲೆಕ್ಕ ಮೈಬಣ್ಣದಲ್ಲಿ ತೀರುವಂಥದ್ದಲ್ಲ.

ಉಡುಪಿಯ ವಿದ್ಯಾರ್ಥಿನಿ:
ತಮಗೆಲ್ಲ ಕೃತಜ್ಞತೆಗಳು. ಹಾಗಾದರೆ 1971ರಲ್ಲಿ ತುಳು ಚಿತ್ರಗಳು ಆರಂಭವಾದಂದಿನಿಂದ ಡೋಲು ಕೇಳಿಸುವ ಹಾಡುಗಳನ್ನು ಹುಡುಕಿ, ಬಾರಿಸುವವರನ್ನು ಪರದೆಯ ಯಾವ ಮೂಲೆಯಲ್ಲಿ ನಿಲ್ಲಿಸಿದ್ದಾರೆ ಎಂದು ಮೊದಲು ನೋಡುತ್ತೇನೆ.