‘ಗಾಳಿ ಬರೋ ಕಡೆ’ ಅಂದರೆ ಯಾವ ಕಡೆ? ಕಂಪ್ಯೂಟರ್ ಫ್ಯಾನಿಗೆ ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಡೆಸ್ಕ್‌ಟಾಪ್ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸಿಕೊಳ್ಳುವವರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪ್ರೊಸೆಸರ್, ಮದರ್‌ಬೋರ್ಡ್ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಕೇಳುವುದೂ ಹಾಗೇ ಅಲ್ವಾ? ಸಿಕ್ಕಿಹಾಕಿಕೊಂಡಿದ್ದು ಫ್ಯಾನ್ ಹತ್ತಿರ. ಗಾಳಿಯ ಬಗ್ಗೆ ಮಾತಾಡೋಕೆ ನಮ್ಮಲ್ಲಿ ಪದಗಳಿಗೆ ಬರವೇನೂ ಇಲ್ಲ. ಆದರೂ ಒಂದು ಮಾತು ವಾರದಿಂದ ಕಾಡುತ್ತಿದೆ.

ನಡೆದದ್ದು ಹೀಗೆ. ದಾವಣಗೆರೆಯಲ್ಲಿರುವ ನನ್ನ ಬಾಮೈದ ಕಂಪ್ಯೂಟರಿನ ಭಾಗಗಳೆಲ್ಲ ಕೂರುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್‌ಗೆ ಮೂರು ಫ್ಯಾನ್ ತಂದಿದ್ದ. ಮುಂದೆ ಎರಡು, ಹಿಂದೆ ಒಂದು. ನಾನು ಫೋನಿನಲ್ಲಿ ಹೇಳಿದೆ: “ಮುಂದಿನ ಎರಡಕ್ಕೂ ಗಾಳಿ ಬರೋ ಕಡೆ ಹೊರಗಿರಲಿ. ಹಿಂದಿನದಕ್ಕೆ ಗಾಳಿ ಹೋಗೋ ಕಡೆ ಹೊರಗಿರಲಿ.” ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. ಗ್ರಾಫಿಕ್ಸ್ ಕಾರ್ಡ್ 80 ಡಿಗ್ರಿ ದಾಟುತ್ತಿದೆ, ಫ್ಯಾನ್‌ಗಳು ಕಿರುಚಿಕೊಳ್ಳುತ್ತಿವೆ ಅಂದ. ವಿಡಿಯೊ ಕಾಲ್ ಹಾಕಿಸಿ, ದೇವರ ಮನೆಯಿಂದ ಒಂದು ಊದುಬತ್ತಿ ಹಚ್ಚಿಕೊಂಡು ಬಾ ಅಂದೆ. ಕ್ಯಾಬಿನೆಟ್ ಮುಂದೆ ಹಿಡಿದ. ಹೊಗೆಯ ಎಳೆ ಜಾಲರಿಯೊಳಗೆ ಹೋಗಬೇಕಿತ್ತು. ಅದು ಅಲ್ಲೇ ಬಾಗಿ ನೇರವಾಗಿ ಅವನ ಮುಖಕ್ಕೆ ಬಂತು. ಮೂರೂ ಫ್ಯಾನ್ ಗಾಳಿಯನ್ನು ಹೊರಗೇ ದೂಡುತ್ತಿದ್ದವು.

“ಭಾವ, ನೀವು ಹೇಳಿದ ಹಾಗೇ ಹಾಕಿದೀನಲ್ಲ,” ಅಂದ. ನಿಜ, ಅವನ ತಪ್ಪಲ್ಲ. ‘ಗಾಳಿ ಬರೋ ಕಡೆ’ ಅಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಫ್ಯಾನಿನೊಳಕ್ಕೆ ಗಾಳಿ ನುಗ್ಗುವ ಮುಖ. ಅವನಿಗೆ ಅರ್ಥವಾದದ್ದು ಕೈ ಇಟ್ಟರೆ ಗಾಳಿ ತಾಗುವ ಮುಖ. ‘ಗಾಳಿ ಹೋಗೋ ಕಡೆ’ ಹೇಗೂ ಹಿಂದೆ ಸರಿಯಾಗಿಯೇ ಕೂತಿತ್ತು.

ಈಗ ಈ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಹೊಲದಲ್ಲಿ ನಿಂತು ‘ಗಾಳಿ ಬರೋ ಕಡೆ’ ಅಂದರೆ ಗಾಳಿ ಹುಟ್ಟಿದ ದಿಕ್ಕು. ನಮ್ಮ ಗಾಳಿಗಳ ಹೆಸರೂ ಹಾಗೇ ಇವೆ. ತೆಂಕಣದಿಂದ ಬಂದದ್ದು ತೆಂಗಾಳಿ, ಮೂಡಣದಿಂದ ಬಂದದ್ದು ಮೂಡುಗಾಳಿ. ಅದೇ ಮನೆಯೊಳಗೆ “ಸೆಕೆ ಜಾಸ್ತಿ, ಬಾ, ಗಾಳಿ ಬರೋ ಕಡೆ ಕೂತ್ಕೋ” ಅಂದರೆ ಗಾಳಿ ಬಂದು ಮುಟ್ಟುವ ಜಾಗ. ಒಂದೇ ಮಾತು, ಒಂದು ಸಲ ಹೊರಟ ಜಾಗ, ಇನ್ನೊಂದು ಸಲ ತಲುಪುವ ಜಾಗ. ‘ಬರು’ ಅನ್ನುವುದು ಆಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ನಿಂತಿದೆ. ಕ್ಯಾಬಿನೆಟ್ ವಿಷಯದಲ್ಲಿ ನಾನು ಪೆಟ್ಟಿಗೆಯೊಳಗೆ ನಿಂತು ಮಾತಾಡಿದ್ದೆ, ಅವನು ಕುರ್ಚಿಯಲ್ಲಿ ಕೂತು ಕೇಳಿದ್ದ.

ಇದರ ಜೊತೆಗೆ ಟೇಬಲ್ ಫ್ಯಾನಿನ ಅಭ್ಯಾಸವೂ ಸೇರಿಕೊಂಡಿದೆ. ಟೇಬಲ್ ಫ್ಯಾನಿಗೆ ಮೋಟಾರು ಬೆನ್ನಿನ ಕಡೆ ಇರುತ್ತದೆ, ಗಾಳಿ ಎದೆಯ ಕಡೆಯಿಂದ ಬರುತ್ತದೆ. ಕಂಪ್ಯೂಟರ್ ಫ್ಯಾನ್ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ರೆಕ್ಕೆಗಳು ಬಯಲಾಗಿ ಕಾಣುವ ಕಡೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೋಟಾರು ಹಿಡಿದಿರುವ ಕಡ್ಡಿಗಳ ಕಡೆ ಹೊರಬಿಡುತ್ತದೆ. ಹಾಗಾಗಿ ‘ಫ್ಯಾನಿನ ಬೆನ್ನು’ ಅಂತ ಬರೆದರೂ ಗೊಂದಲವೇ. ಕೆಲವು ಫ್ಯಾನ್‌ಗಳ ಚೌಕಟ್ಟಿನ ಮೇಲೆ ಬಾಣದ ಗುರುತು ಇರುತ್ತದೆ, ಅದೇ ನಂಬಿಕೆಯದು. ಅಂದಕ್ಕಾಗಿ ರೆಕ್ಕೆ ತಿರುಗಿಸಿ ಮಾಡಿದ ಫ್ಯಾನ್‌ಗಳೂ ಈಗ ಸಿಗುತ್ತವೆ, ಅವುಗಳಿಗೆ ಈ ಲೆಕ್ಕ ಉಲ್ಟಾ.

ನನ್ನ ಮೊದಲ ಪ್ರಶ್ನೆ ಇದು. ‘ಎಕ್ಸಾಸ್ಟ್’ ಅನ್ನು ಮುಟ್ಟುವುದು ಬೇಡ ಅನ್ನಿಸುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಎಲ್ಲರಿಗೂ ಗೊತ್ತು, ಅದು ಹೊಗೆಯನ್ನು ಆಚೆ ಕಳಿಸುತ್ತದೆ. ಅದರ ಜೋಡಿ, ಗಾಳಿಯನ್ನು ಒಳಕ್ಕೆ ತರುವ ‘ಇನ್‌ಟೇಕ್’ ಮಾತ್ರ ಮನೆಮಾತಾಗಿಲ್ಲ. ‘ಎಳೆಯುವ ಫ್ಯಾನ್’ ಅಂದರೆ ಸಾಲದು, ಏಕೆಂದರೆ ಎಲ್ಲ ಫ್ಯಾನೂ ಒಂದು ಕಡೆ ಎಳೆದು ಇನ್ನೊಂದು ಕಡೆ ದೂಡುತ್ತದೆ. ‘ಒಳಬೀಸು ಫ್ಯಾನ್’, ‘ಹೊರಬೀಸು ಫ್ಯಾನ್’ ಅಂದರೆ ಹೇಗೆ? ಒಳಗೆ, ಹೊರಗೆ ಎಂಬುದು ಪೆಟ್ಟಿಗೆಯದ್ದು, ನಿಂತವನದ್ದಲ್ಲ. ‘ಬೀಸು’ ನನಗೆ ಇಷ್ಟ. ಬೀಸಣಿಗೆ ಅದರಿಂದಲೇ ಬಂದದ್ದು.

‘ಪಾಸಿಟಿವ್ ಪ್ರೆಶರ್’ ವಿಷಯವೂ ಇಲ್ಲೇ ಬರುತ್ತದೆ. ಹೊರಹೋಗುವುದಕ್ಕಿಂತ ಜಾಸ್ತಿ ಗಾಳಿಯನ್ನು ಒಳಗೆ ತುಂಬಿದರೆ ಸಂದಿಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ, ಧೂಳು ಫಿಲ್ಟರ್‌ನಲ್ಲೇ ನಿಲ್ಲುತ್ತದೆ. ಉಲ್ಟಾ ಆದರೆ ಪ್ರತಿ ಸಂದಿಯೂ ಧೂಳು ಹೀರುತ್ತದೆ. ‘ಧನಾತ್ಮಕ ಒತ್ತಡ’ ಅಂತ ಬರೆದು ನೋಡಿದೆ, ಏನೂ ಕಾಣಿಸಲಿಲ್ಲ. ‘ತುಂಬುಗಾಳಿ’, ‘ಹೀರುಗಾಳಿ’ ಅಂತ ಬರೆದಾಗ ಪೆಟ್ಟಿಗೆ ಕಣ್ಣಿಗೆ ಬಂತು. ನಿಮಗೂ ಬರುತ್ತದೆಯೇ?

ಎರಡನೆಯದು ಸದ್ದಿನದು. ಫ್ಯಾನ್ ಡಬ್ಬಿಯ ಮೇಲೆ ‘ಸೈಲೆಂಟ್’ ಅಂತ ಇರುತ್ತದೆ. ಅದನ್ನು ‘ನಿಶ್ಶಬ್ದ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ತಿರುಗುವ ಯಾವ ಫ್ಯಾನೂ ನಿಶ್ಶಬ್ದವಲ್ಲ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ (ಸದ್ದಿನ ಅಳತೆ) ಇಳಿಯುತ್ತದೆ. ಅಂಥದ್ದೇ ಇನ್ನೊಂದನ್ನು ಪಕ್ಕದಲ್ಲಿಟ್ಟರೆ ಏರುವುದು 3 ಡೆಸಿಬಲ್ ಮಾತ್ರ. ಒಂದನ್ನು ಜೋರಾಗಿ ಓಡಿಸುವ ಬದಲು ಎರಡನ್ನು ಮೆಲ್ಲಗೆ ಓಡಿಸಿ, 120 ಮಿ.ಮೀ. ಅಗಲದ ಫ್ಯಾನ್ ಬದಲು 140ರದ್ದು ಹಿಡಿಸಿದರೆ ಅದನ್ನೇ ಹಾಕಿ ಎಂದು ಹೇಳುವುದು ಇದಕ್ಕೇ. ಅಂದರೆ ಬೇಕಾದದ್ದು ಮೆಲುಸದ್ದು.

ಸದ್ದಿನ ಬಗೆಗಳಿಗೆ ನಮ್ಮ ಅನುಕರಣ ಪದಗಳೇ ಸಾಕು ಅನ್ನಿಸಿದೆ. ಏಳು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 140 ಸಲ ರೆಕ್ಕೆ ಹಾಯುತ್ತದೆ. ಆ ಒಂದೇ ಸಮನೆಯ ಸದ್ದು ‘ಗುಂಯ್’. ಜಾಲರಿಗೆ ಗಾಳಿ ಉಜ್ಜಿದರೆ ‘ಸುಂಯ್’. ರೆಕ್ಕೆಗೆ ವೈರ್ ತಾಗಿದರೆ ‘ಟರ್ರ್’. ಬೇರಿಂಗ್ ಒಣಗಿದರೆ ‘ಕಿರ್ರ್’. ತಗಡು ಅದುರಿದರೆ? ಅದಕ್ಕೆ ನನಗೆ ಒಳ್ಳೆಯ ಪದ ಸಿಕ್ಕಿಲ್ಲ. ಫ್ಯಾನಿಗೆ ಸ್ಕ್ರೂ ಬದಲು ರಬ್ಬರ್ ಪಿನ್ ಹಾಕಿದರೆ ಈ ಸದ್ದು ಬಹಳ ಮಟ್ಟಿಗೆ ನಿಲ್ಲುತ್ತದೆ. ಪದ ಸಿಕ್ಕರೆ ಓದುವವನು ಕಿವಿಯಿಂದಲೇ ರೋಗ ಹಿಡಿಯುತ್ತಾನೆ. ನಿಮ್ಮ ನಿಮ್ಮ ಊರಿನಲ್ಲಿ ಏನನ್ನುತ್ತಾರೆ, ದಯವಿಟ್ಟು ಬರೆಯಿರಿ. ಉತ್ತರ ಕರ್ನಾಟಕದವರು ‘ಸಪ್ಪಳ’ ಅನ್ನುವುದನ್ನು ಫ್ಯಾನಿಗೂ ಹೇಳುತ್ತಾರಾ, ಇಲ್ಲ ಹೆಜ್ಜೆ, ಪಾತ್ರೆಗಳಿಗೆ ಮಾತ್ರವಾ?

ಕೊನೆಯದಾಗಿ ಒಂದು ಪದ ಮುಂದಿಡುತ್ತೇನೆ: ‘ತಣ್ಣಗೆ’. ಮಕ್ಕಳಿಗೆ “ತಣ್ಣಗೆ ಕೂತ್ಕೋ” ಅನ್ನುತ್ತೇವೆ, ಗಲಾಟೆ ತಣ್ಣಗಾಯಿತು ಅನ್ನುತ್ತೇವೆ. ಚಹಾ ಕೂಡ ತಣ್ಣಗಾಗುತ್ತದೆ. ಕಾವು ಇಳಿಯುವುದೂ ಸದ್ದು ಇಳಿಯುವುದೂ ಒಂದೇ ಪದದಲ್ಲಿದೆ. ಒಳ್ಳೆಯ ಕ್ಯಾಬಿನೆಟ್‌ನಿಂದ ನಾವು ಕೇಳುವುದು ಈ ಎರಡನ್ನೇ. ಅಧ್ಯಾಯಕ್ಕೆ ‘ತಣ್ಣಗಿರುವ ಕಂಪ್ಯೂಟರ್’ ಎಂದು ಹೆಸರಿಟ್ಟರೆ ನಿಮಗೆ ಎರಡೂ ಅರ್ಥ ಕೇಳಿಸುತ್ತದೆಯೇ, ಬರೀ ಬಿಸಿಯ ವಿಷಯ ಮಾತ್ರವೇ?