ಒಡೆದ ಕಿಟಕಿ ಮತ್ತೆ ಸರಿಯಾಗಿದ್ದು ಹೇಗೆ? ಸೂಪರ್‌ಹೀರೋ ಚಿತ್ರಗಳ ಕಂಟಿನ್ಯೂಟಿ ತಪ್ಪುಗಳ ಬಗ್ಗೆ ಒಂದು ಪ್ರಶ್ನೆ

ಗೂಡುದೀಪ:

ಎಲ್ಲರಿಗೂ ನಮಸ್ಕಾರ. ಕಂಟಿನ್ಯೂಟಿ ತಪ್ಪು ಅಂದರೆ ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲಿ ಕಾರಣವಿಲ್ಲದೆ ಬದಲಾಗಿಬಿಡುವುದು. ಕಳೆದ ಭಾನುವಾರ ಮಗಳ ಜೊತೆ ಕೂತು 2002ರ ಸ್ಪೈಡರ್‌ಮ್ಯಾನ್ ನೋಡಿದೆ. ಸ್ಯಾಮ್ ರೈಮಿ ನಿರ್ದೇಶನದ್ದು, ಟೋಬಿ ಮಗ್ವೈರ್ ಇರುವ ಚಿತ್ರ. ನಾನು ಕಾಲೇಜಿನಲ್ಲಿದ್ದಾಗ ಥಿಯೇಟರಿನಲ್ಲಿ ನೋಡಿದ್ದೆ. ಆಮೇಲೆ ಟಿವಿಯಲ್ಲಿ ಬಂದಾಗಲೆಲ್ಲ ನೋಡಿದ್ದೇನೆ. ಮಗಳು ಎಂಟನೇ ಕ್ಲಾಸು, ಅವಳಿಗೆ ಇದು ಮೊದಲ ಸಲ.

ಮಳೆ ಸುರಿಯುವ ಗಲ್ಲಿಯ ದೃಶ್ಯ ನಿಮಗೆಲ್ಲ ನೆನಪಿರಬಹುದು. ನಾಯಕಿ ಮೇರಿ ಜೇನ್‌ಳನ್ನು ನಾಲ್ಕು ಜನ ಪುಂಡರು ಅಡ್ಡಗಟ್ಟುತ್ತಾರೆ. ಸ್ಪೈಡರ್‌ಮ್ಯಾನ್ ಬಂದು ಇಬ್ಬರನ್ನು ಅವಳ ಹಿಂದಿರುವ ಎರಡು ಕಿಟಕಿಗಳೊಳಗೆ ಎಸೆಯುತ್ತಾನೆ. ಗಾಜು ಪುಡಿಪುಡಿ. ಉಳಿದಿಬ್ಬರಿಗೆ ಬಾರಿಸಿದ ಮೇಲೆ ಮತ್ತೆ ಮೇರಿ ಜೇನ್‌ಳನ್ನು ತೋರಿಸುತ್ತಾರೆ. "ಅಪ್ಪಾ, ನಿಲ್ಸು ನಿಲ್ಸು!" ಅಂತ ಮಗಳು ಕೂಗಿದಳು. ಹಿಂದಕ್ಕೆ ಓಡಿಸಿ ನೋಡಿದರೆ ಅವಳ ಹಿಂದಿನ ಕಿಟಕಿಗಳು ಒಂದು ಬಿರುಕೂ ಇಲ್ಲದೆ ನಿಂತಿವೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಒಂದು ಸಲವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಲ್ಲಿಂದ ಶುರುವಾಯಿತು. ಮತ್ತೆ ಮೊದಲಿಂದ ಹಾಕಿದೆವು. ಪೀಟರ್ (ಅವನೇ ಸ್ಪೈಡರ್‌ಮ್ಯಾನ್) ತನ್ನ ಕೋಣೆಯಲ್ಲಿ ಬಲೆ ಬಿಡುವುದನ್ನು ಅಭ್ಯಾಸ ಮಾಡುತ್ತಾನಲ್ಲ, ಅಲ್ಲಿ ಒಂದು ದೀಪವನ್ನು ಎಳೆದು ಗೋಡೆಗೆ ಅಪ್ಪಳಿಸಿ ಒಡೆಯುತ್ತಾನೆ. ಆಂಟ್ ಮೇ ಬಾಗಿಲ ಹತ್ತಿರ ಬಂದು ಮಾತಾಡಿಸುವಾಗ ಆ ದೀಪ ಮತ್ತೆ ತನ್ನ ಜಾಗದಲ್ಲಿ ಇಡಿಯಾಗಿ ಕೂತಿದೆ! ಅದನ್ನೂ ಇವಳೇ ಹಿಡಿದಳು. ಈಗ ಒಂದು ನೋಟ್‌ಬುಕ್ ಇಟ್ಟು ಬರೆಯಲು ಶುರು ಮಾಡಿದ್ದಾಳೆ.

ನನ್ನ ಪ್ರಶ್ನೆ ಇದು. ಅಷ್ಟೊಂದು ದುಡ್ಡು, ಅಷ್ಟೊಂದು ಜನ ಇರುವ ಚಿತ್ರಗಳಲ್ಲಿ ಇಂಥದ್ದು ಹೇಗೆ ಉಳಿದುಹೋಗುತ್ತದೆ? ಇದನ್ನು ಹಿಡಿಯಲು ಕಣ್ಣನ್ನು ಪಳಗಿಸುವುದು ಹೇಗೆ? ಸಿನಿಮಾ ಕೆಲಸ ಗೊತ್ತಿರುವವರು ಹೇಳಿದರೆ ಅವಳಿಗೆ ಓದಿ ಹೇಳುತ್ತೇನೆ.

ನಾಲ್ಕನೇಸಾಲು:

ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಶಭಾಷ್ ಹೇಳಿ. ಅವಳ ನೋಟ್‌ಬುಕ್ಕಿಗೆ ಇನ್ನೊಂದು ಕೊಡುತ್ತೇನೆ. ನೋಲನ್ ಅವರ ಬ್ಯಾಟ್‌ಮ್ಯಾನ್ ಚಿತ್ರ ದಿ ಡಾರ್ಕ್ ನೈಟ್ ರೈಸಸ್, 2012ರದ್ದು. ಖಳನಾಯಕ ಬೇನ್ ಷೇರು ಮಾರುಕಟ್ಟೆಗೆ ನುಗ್ಗುತ್ತಾನೆ. ಹಗಲು, ವ್ಯಾಪಾರ ನಡೆಯುತ್ತಿದೆ. ಕಂಪ್ಯೂಟರಿನಲ್ಲಿ ಹಾಕಿದ ಪ್ರೋಗ್ರಾಂ ಮುಗಿಯಲು ಇನ್ನು ಎಂಟು ನಿಮಿಷ ಬೇಕು ಎಂದು ಅವನ ಕಡೆಯವನು ಹೇಳುತ್ತಾನೆ. ಬೈಕ್ ಹತ್ತಿ ಹೊರಗೆ ಬರುತ್ತಾರೆ, ಇನ್ನೂ ಬೆಳಕಿದೆ. ಒಂದು ಸುರಂಗದೊಳಗೆ ಹೋಗಿ ಆಚೆ ಬಂದರೆ ಕಗ್ಗತ್ತಲು.

ಚಳಿಗಾಲ ಇರಬಹುದು, ನ್ಯೂಯಾರ್ಕಿನ ಷೇರುಪೇಟೆ ಮುಚ್ಚುವುದೇ ಸಂಜೆ ನಾಲ್ಕಕ್ಕೆ, ಡಿಸೆಂಬರಿನಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ ಎಂದು ಕೆಲವರು ವಾದ ಮಾಡುತ್ತಾರೆ. ನಾನೂ ಸ್ವಲ್ಪ ದಿನ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಆ ಎಂಟು ನಿಮಿಷ ಇನ್ನೂ ಓಡುತ್ತಲೇ ಇದೆಯಲ್ಲ! ಸೂರ್ಯ ಮುಳುಗಿದ ಮೇಲೂ ಅಷ್ಟು ಗಾಢ ಕತ್ತಲಾಗಲು ಅರ್ಧ ಗಂಟೆಯಾದರೂ ಬೇಕು. ಆದರೂ ಕತ್ತಲಲ್ಲಿ ಬ್ಯಾಟ್‌ಮ್ಯಾನ್ ಕಾಣಿಸಿಕೊಳ್ಳುವ ಆ ಘಳಿಗೆಗೆ ಥಿಯೇಟರಿನಲ್ಲಿ ಎದ್ದು ಶಿಳ್ಳೆ ಹೊಡೆದವನು ನಾನು. ಹಗಲಲ್ಲಿ ಬಂದಿದ್ದರೆ ಹೊಡೆಯುತ್ತಿರಲಿಲ್ಲ.

ಬಳೆಲೆಕ್ಕ:

ಈ ಪ್ರಶ್ನೆ ನೋಡಿ ಉತ್ತರ ಬರೆಯದೆ ಇರಲು ಆಗಲಿಲ್ಲ. ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಆರು ವರ್ಷ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದೆ. ಕಂಟಿನ್ಯೂಟಿ ಬರೆಯುವುದೇ ನನ್ನ ಕೆಲಸ. ಹಾಲಿವುಡ್‌ನಲ್ಲಿ ಇದಕ್ಕೆ ಸ್ಕ್ರಿಪ್ಟ್ ಸೂಪರ್‌ವೈಸರ್ ಎಂದು ಬೇರೆಯೇ ಒಬ್ಬರು ಇರುತ್ತಾರೆ. ನಮ್ಮಲ್ಲಿ ಕ್ಲ್ಯಾಪ್ ಹೊಡೆಯುವವರೇ ಎಷ್ಟೋ ಸಲ ಇದನ್ನೂ ನೋಡಿಕೊಳ್ಳಬೇಕು.

ಮೊದಲು ಒಂದು ವಿಷಯ. ನೀವು ನೋಡುವ ಕ್ರಮದಲ್ಲಿ ಯಾರೂ ಶೂಟಿಂಗ್ ಮಾಡುವುದಿಲ್ಲ. ಕ್ಯಾಮೆರಾ ಒಂದು ಕಡೆ ಮುಖ ಮಾಡಿದರೆ ಆ ಕಡೆಯ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಾರೆ. ಯಾಕೆಂದರೆ ಕ್ಯಾಮೆರಾ ತಿರುಗಿಸಿದರೆ ಲೈಟು ಪೂರ್ತಿ ಬದಲಿಸಬೇಕು, ಅದಕ್ಕೇ ಗಂಟೆಗಟ್ಟಲೆ ಹೋಗುತ್ತದೆ. ನಿಮ್ಮ ಗಲ್ಲಿ ದೃಶ್ಯ ತೆಗೆದುಕೊಳ್ಳಿ. ಆ ಸೆಟ್ಟಿನಲ್ಲಿ ನಾನಿರಲಿಲ್ಲ, ಆದರೆ ಕೆಲಸದ ರೀತಿ ಗೊತ್ತು. ಮೇರಿ ಜೇನ್ ಮುಖದ ಶಾಟ್‌ಗಳನ್ನು ಕಿಟಕಿ ಒಡೆಯುವ ಮುಂಚೆಯೇ ತೆಗೆದಿದ್ದರೆ ಆಯಿತು, ಹಿಂದೆ ಗಾಜು ಇದ್ದೇ ಇರುತ್ತದೆ. ಮೇಲಿಂದ ಮಳೆ ಬೇರೆ ಸುರಿಸುತ್ತಿದ್ದಾರೆ. ಬಟ್ಟೆ ಎಷ್ಟು ಒದ್ದೆ, ಕೂದಲು ಎಷ್ಟು ಒದ್ದೆ ಅಂತ ನೋಡುವುದರಲ್ಲೇ ಕಂಟಿನ್ಯೂಟಿಯವರ ಅರ್ಧ ಜೀವ ಹೋಗಿರುತ್ತದೆ.

ನನ್ನ ಹತ್ತಿರ ಇನ್ನೂರು ಪುಟದ ನೋಟ್‌ಬುಕ್ಕುಗಳು ಇಪ್ಪತ್ತಕ್ಕೂ ಜಾಸ್ತಿ ಇವೆ, ಒಂದನ್ನೂ ಎಸೆದಿಲ್ಲ. ಈಗ ಒಂದನ್ನು ತೆಗೆದು ನೋಡುತ್ತಿದ್ದೇನೆ. "ಸೀನ್ 14. ಹಸಿರು ಗಾಜಿನ ಬಳೆ, ಎಡಗೈ 12, ಬಲಗೈ 11 (ಒಂದು ಒಡೆದಿದೆ). ಸೆರಗು ಸೊಂಟಕ್ಕೆ ಸಿಕ್ಕಿಸಿಲ್ಲ. ಮಲ್ಲಿಗೆ ಎರಡು ಮೊಳ, ಬಲ ಭುಜದ ಮುಂದೆ. ಕಾಫಿ ಲೋಟದ ಅಂಚಿನಿಂದ ಎರಡು ಬೆರಳು ಕೆಳಗೆ." ಪ್ರತಿ ಟೇಕ್‌ಗೂ ಕಾಫಿಯನ್ನು ಅದೇ ಎರಡು ಬೆರಳಿನ ಮಟ್ಟಕ್ಕೆ ತುಂಬುತ್ತಿದ್ದೆ. ಗೋಡೆ ಗಡಿಯಾರದ ಸೆಲ್ ಮೊದಲೇ ತೆಗೆದುಬಿಡುತ್ತಿದ್ದೆವು. ಎಲ್ಲಕ್ಕಿಂತ ಕಷ್ಟ ಪೂಜೆ ಸೀನು. ಊದುಬತ್ತಿ ಉರಿದು ಚಿಕ್ಕದಾಗುತ್ತಲೇ ಇರುತ್ತದೆ. ಅದಕ್ಕೆ ಒಂದು ಕಟ್ಟು ಊದುಬತ್ತಿ ಇಟ್ಟುಕೊಂಡು, ಮಾಸ್ಟರ್ ಶಾಟ್‌ನಲ್ಲಿ (ಇಡೀ ಸೀನನ್ನು ಒಟ್ಟಿಗೆ ತೋರಿಸುವ ಶಾಟ್) ಇದ್ದ ಉದ್ದಕ್ಕೆ ಮುರಿದು ಮುರಿದು ಹಚ್ಚುತ್ತಿದ್ದೆ. ಬೂದಿಯೂ ಅಷ್ಟೇ ಬಾಗಿರಬೇಕು. ಬಾಗದಿದ್ದರೆ ಕಾಯಬೇಕು, ಮೂವತ್ತು ಜನ ನನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಂದು ದೊಡ್ಡ ತಪ್ಪು ನನ್ನಿಂದ ಆಯಿತು. ನಾಯಕಿಗೆ ಅಪಘಾತ, ಹಣೆಯ ಮೇಲೆ ಬ್ಯಾಂಡೇಜ್. "ಬಲಗಡೆ" ಎಂದು ಬರೆದುಕೊಂಡೆ. ಹನ್ನೊಂದು ದಿನದ ನಂತರ ಅದೇ ಸೀನಿನ ಉಳಿದ ಭಾಗ ತೆಗೆಯುವಾಗ ನಾನು ಜ್ವರದಿಂದ ಮನೆಯಲ್ಲಿದ್ದೆ. ಇನ್ನೊಬ್ಬ ಹುಡುಗ ನನ್ನ ಪುಸ್ತಕ ನೋಡಿಕೊಂಡು ಬಲಗಡೆಯೇ ಹಾಕಿಸಿದ. ನಾನು ಬರೆದದ್ದು ಕ್ಯಾಮೆರಾದಿಂದ ನೋಡಿದ ಬಲ. ಅವನು ಹಾಕಿಸಿದ್ದು ಆಕೆಯ ಬಲ. ಬಾಗಿಲು ತೆಗೆದು ಒಳಗೆ ಬರುವಷ್ಟರಲ್ಲಿ ಗಾಯ ಹಣೆಯ ಆಚೆ ಬದಿಗೆ ಹೋಗಿತ್ತು. ಅದು ಹಾಗೇ ಪ್ರಸಾರವಾಯಿತು. ನಮ್ಮ ಅತ್ತೆ ಫೋನ್ ಮಾಡಿ "ಅಲ್ಲಮ್ಮಾ, ಪೆಟ್ಟು ಆ ಕಡೆ ಇತ್ತಲ್ವಾ?" ಎಂದು ಕೇಳಿದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಂದಿನಿಂದ ಎಲ್ಲ ಕಡೆ "ಆಕೆಯ ಬಲ", "ಅವನ ಎಡ" ಎಂದೇ ಬರೆಯುತ್ತಿದ್ದೆ.

ಅದಕ್ಕೇ ಹೇಳುತ್ತೇನೆ, ಇಂಥ ತಪ್ಪುಗಳು ಹೆಚ್ಚಾಗಿ ಸೋಮಾರಿತನದಿಂದ ಆಗುವುದಿಲ್ಲ. ಎರಡು ಶಾಟ್‌ಗಳ ನಡುವಿನ ದಿನಗಳಿಂದ ಆಗುತ್ತವೆ. ಸೂಪರ್‌ಹೀರೋ ಚಿತ್ರಗಳಲ್ಲಿ ಆ ದಿನಗಳು ವರ್ಷಗಳೇ ಆಗಬಹುದು. ಸೂಪರ್‌ಮ್ಯಾನ್ 2 ನೋಡಿ. ರಿಚರ್ಡ್ ಡೊನರ್ ಮೊದಲ ಚಿತ್ರದ ಜೊತೆಯಲ್ಲೇ ಎರಡನೆಯದರ ಬಹುಪಾಲು ತೆಗೆದಿದ್ದರು. ಆಮೇಲೆ ಅವರನ್ನು ಬಿಡಿಸಿ ರಿಚರ್ಡ್ ಲೆಸ್ಟರ್ ಕೈಗೆ ಕೊಟ್ಟರು. ಹಾಗಾಗಿ ಒಂದೇ ಚಿತ್ರದಲ್ಲಿ ಸೂಪರ್‌ಮ್ಯಾನ್ ಆಗಿದ್ದ ಕ್ರಿಸ್ಟೋಫರ್ ರೀವ್ ಅವರ ಮೈಕಟ್ಟು ಶಾಟ್‌ನಿಂದ ಶಾಟ್‌ಗೆ ಬದಲಾಗುತ್ತದೆ. ಖಳನಾಯಕನಾಗಿದ್ದ ಜೀನ್ ಹ್ಯಾಕ್‌ಮನ್ ಹೊಸ ಶೂಟಿಂಗಿಗೆ ಬರಲೇ ಇಲ್ಲ, ಕೆಲವು ಕಡೆ ಡೂಪ್ ಹಾಕಿ ಬೇರೆಯವರ ದನಿ ಸೇರಿಸಿದರು.

ಗಡ್ಡ ಮೀಸೆಯ ಕಥೆ ಇನ್ನೂ ಚೆನ್ನಾಗಿದೆ. 2012ರ ಅವೆಂಜರ್ಸ್ ಕೊನೆಗೆ ಎಲ್ಲರೂ ಸುಮ್ನೆ ಕೂತು ಷವರ್ಮಾ ತಿನ್ನುವ ತುಣುಕಿದೆ. ಅದನ್ನು ತೆಗೆದದ್ದು ಚಿತ್ರದ ಪ್ರೀಮಿಯರ್ ಆದ ಮೇಲೆ! ಕ್ಯಾಪ್ಟನ್ ಅಮೆರಿಕ ಆಗಿದ್ದ ಕ್ರಿಸ್ ಇವಾನ್ಸ್ ಆಗ ಬೇರೆ ಚಿತ್ರಕ್ಕೆ ಗಡ್ಡ ಬಿಟ್ಟಿದ್ದರು. ಅದರ ಮೇಲೆ ಕೃತಕ ದವಡೆ ಅಂಟಿಸಿ, ಕೈ ಅಡ್ಡ ಇಟ್ಟು ಕೂರಿಸಿದ್ದಾರೆ. ಅವರೊಬ್ಬರೇ ತಿನ್ನುತ್ತಿಲ್ಲ, ನೋಡಿ. ಅದು ತಪ್ಪೇ ಅಲ್ಲ, ತಪ್ಪನ್ನು ಮುಚ್ಚಿದ ಕೆಲಸ, ನನಗೆ ತುಂಬ ಇಷ್ಟ. ಅದೇ 2017ರ ಜಸ್ಟೀಸ್ ಲೀಗ್‌ನಲ್ಲಿ ಸೂಪರ್‌ಮ್ಯಾನ್ ಆಗಿದ್ದ ಹೆನ್ರಿ ಕ್ಯಾವಿಲ್ ಬೇರೆ ಚಿತ್ರಕ್ಕೆ ಬಿಟ್ಟಿದ್ದ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದರು, ಮೇಲ್ತುಟಿ ಎದ್ದು ಕಾಣುತ್ತದೆ. ಪುಟ್ಟಿಗೆ ತೋರಿಸಿ, ಎಲ್ಲಿ ರೀಶೂಟ್ ಆಗಿದೆ ಎಂದು ತುಟಿ ನೋಡಿಯೇ ಹೇಳಬಹುದು.

ಹಿಡಿಯುವುದು ಹೇಗೆ ಎಂದು ಕೇಳಿದ್ದೀರಿ. ಎರಡನೇ ಸಲ ನೋಡುವಾಗ ದನಿ ಪೂರ್ತಿ ತೆಗೆದುಬಿಡಿ. ಮಾತು ಕೇಳಿಸಿದರೆ ಕಣ್ಣು ಮುಖಕ್ಕೇ ಅಂಟಿಕೊಳ್ಳುತ್ತದೆ. ಇಬ್ಬರು ಮಾತಾಡುವಾಗ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗಿ ವಾಪಸ್ ಬರುತ್ತಾರಲ್ಲ, ಆ ವಾಪಸ್ ಬರುವ ಜಾಗದಲ್ಲೇ ತಪ್ಪು ಇರುವುದು. ಕಡಿಮೆಯಾಗುವ ವಸ್ತುಗಳ ಮೇಲೆ ಕಣ್ಣಿಡಿ. ಲೋಟದಲ್ಲಿನ ನೀರು, ತಟ್ಟೆಯಲ್ಲಿನ ಊಟ, ಮೇಣದಬತ್ತಿ. ಇನ್ನೊಂದು, ಹೆಗಲ ಮೇಲೆ ಬಿದ್ದ ಕೂದಲು.

ಕತ್ತರಿಕೆಲಸ:

ಬಳೆಲೆಕ್ಕ ಮೇಡಂ, ಊದುಬತ್ತಿ ವಿಷಯ ಓದಿ ಮನಸ್ಸು ತುಂಬಿತು. ನಾನು ಎಡಿಟರ್. ನಿಮ್ಮಂಥವರು ಅಷ್ಟು ಕಷ್ಟಪಟ್ಟು ಬರೆದದ್ದನ್ನು ಎಷ್ಟೋ ಸಲ ನಾವೇ ಗೊತ್ತಿದ್ದೂ ಮುರಿಯುತ್ತೇವೆ. ಹೇಳಲೇಬೇಕು.

ಎಡಿಟಿಂಗ್ ಟೇಬಲ್ ಮೇಲೆ ನನಗೆ ಆರು ಟೇಕ್ ಸಿಗುತ್ತವೆ ಎಂದಿಟ್ಟುಕೊಳ್ಳಿ. ಎರಡನೆಯದರಲ್ಲಿ ಲೋಟ ಸರಿಯಾಗಿದೆ, ಐದನೆಯದರಲ್ಲಿ ಕಣ್ಣು ಸರಿಯಾಗಿ ತುಂಬಿದೆ. ನಾನು ಐದನೆಯದನ್ನೇ ಹಾಕುತ್ತೇನೆ. ಅಪೋಕ್ಯಾಲಿಪ್ಸ್ ನೌ ಎಡಿಟ್ ಮಾಡಿದವರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಒಂದು ಲೆಕ್ಕ ಕೊಟ್ಟಿದ್ದಾರೆ. ಒಂದು ಕಟ್ ಒಳ್ಳೆಯದೋ ಅಲ್ಲವೋ ಎಂದು ನೋಡುವಾಗ ನೂರಕ್ಕೆ ಭಾವನೆಗೆ 51, ಕಥೆಗೆ 23, ಲಯಕ್ಕೆ 10. ಹೀಗೇ ಇಳಿಯುತ್ತಾ ಯಾರು ಎಲ್ಲಿ ನಿಂತಿದ್ದರು ಅನ್ನುವ ಜಾಗದ ಹೊಂದಾಣಿಕೆಗೆ ಕೊನೆಯಲ್ಲಿ ಬರೀ 4. ನಾಲ್ಕನೇಸಾಲು ಅವರೇ ಹೇಳಿದರಲ್ಲ, ಕತ್ತಲಾಗಿದ್ದಕ್ಕೇ ಶಿಳ್ಳೆ ಹೊಡೆದೆ ಎಂದು. ಆ 51 ಅಂದರೆ ಅದೇ.

ನಿಮಗೆ ಇಪ್ಪತ್ತು ವರ್ಷ ಕಿಟಕಿ ಕಾಣಲಿಲ್ಲ ಎಂದಿರಿ, ಗೂಡುದೀಪ ಸರ್. ಯಾರಿಗೂ ಸುಲಭಕ್ಕೆ ಕಾಣುವುದಿಲ್ಲ. ಡೇನಿಯಲ್ ಲೆವಿನ್, ಡೇನಿಯಲ್ ಸೈಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದರು. ಇಬ್ಬರು ಹೆಂಗಸರು ಕೂತು ಮಾತಾಡುವ ಚಿಕ್ಕ ಚಿತ್ರ. ಅದರಲ್ಲಿ ಬೇಕೆಂದೇ ಒಂಬತ್ತು ತಪ್ಪು. ಕುತ್ತಿಗೆಯ ಸ್ಕಾರ್ಫ್ ಮಾಯವಾಗುತ್ತದೆ, ಕೆಂಪು ತಟ್ಟೆ ಬಿಳಿಯಾಗುತ್ತದೆ. ಮೊದಲ ಸಲ ನೋಡಿದ ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಏನೋ ಬದಲಾದಂತೆ ಅನಿಸಿತು. ತಪ್ಪು ಹುಡುಕಿ ಎಂದು ಹೇಳಿ ಮತ್ತೆ ತೋರಿಸಿದಾಗಲೂ ಹೆಚ್ಚಿನವು ತಪ್ಪಿಹೋದವು. ನಿಮ್ಮ ಮಗಳು ಮೊದಲ ಸಲಕ್ಕೇ ಹಿಡಿದಿದ್ದಾಳೆ ಅಂದರೆ ಅದು ನಿಜಕ್ಕೂ ದೊಡ್ಡದು.

ಅವಳ ನೋಟ್‌ಬುಕ್ಕಿನಲ್ಲಿ ಕಥೆಯ ಲೆಕ್ಕದ ತಪ್ಪುಗಳಿಗೆ ಬೇರೆ ಪುಟ ಇಡಿಸಿ. ಅವು ಶೂಟಿಂಗಿನಲ್ಲಿ ಆದವಲ್ಲ. 2017ರ ಸ್ಪೈಡರ್‌ಮ್ಯಾನ್ ಹೋಮ್‌ಕಮಿಂಗ್‌ನಲ್ಲಿ ಅವೆಂಜರ್ಸ್ ಕದನದ ನಂತರ "ಎಂಟು ವರ್ಷಗಳ ಬಳಿಕ" ಎಂದು ತೋರಿಸುತ್ತಾರೆ. ಕದನ 2012ರದ್ದು, ಎಂಟು ಸೇರಿಸಿದರೆ 2020 ಆಗುತ್ತದೆ. ಉಳಿದ ಚಿತ್ರಗಳಿಗೆ ಅದು ಕೂಡುವುದೇ ಇಲ್ಲ. ಅವೆಂಜರ್ಸ್ ಚಿತ್ರಗಳ ಖಳನಾಯಕ ಥಾನೋಸ್‌ನ ಕೈಗವಸಿನದು ಮಾತ್ರ ಚೆಂದವಾಗಿ ಸರಿಹೋಯಿತು. 2011ರ ಥಾರ್ ಚಿತ್ರದಲ್ಲಿ ಥಾರ್‌ನ ತಂದೆ ಓಡಿನ್‌ನ ಭಂಡಾರದಲ್ಲಿ ಬಲಗೈಯದೊಂದು ಕಾಣುತ್ತದೆ. ಥಾನೋಸ್ ಹಾಕುವುದು ಎಡಗೈಗೆ. 2017ರ ಥಾರ್ ರ‍್ಯಾಗ್ನರಾಕ್‌ನಲ್ಲಿ ಖಳನಾಯಕಿ ಹೆಲಾ ಭಂಡಾರದ ಆ ಕೈಗವಸನ್ನು ನೋಡಿ ನಕಲಿ ಎಂದು ಹೇಳಿ ಬೀಳಿಸುತ್ತಾಳೆ. ಆರು ವರ್ಷದ ತಪ್ಪು ಒಂದೇ ಮಾತಿನಲ್ಲಿ ಕಥೆಯಾಯಿತು.

ಗೂಡುದೀಪ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ರಾತ್ರಿ ಊಟ ಮಾಡುತ್ತಾ ಪೂರ್ತಿ ಓದಿ ಹೇಳಿದೆ. ಊದುಬತ್ತಿ ಬಂದಾಗ ಅವಳು ತಿನ್ನುವುದನ್ನೇ ನಿಲ್ಲಿಸಿದಳು. ಬ್ಯಾಂಡೇಜ್ ಭಾಗ ಎರಡು ಸಲ ಓದಿಸಿಕೊಂಡಳು.

ಅದೇ ಸ್ಪೈಡರ್‌ಮ್ಯಾನ್‌ನಲ್ಲಿ ಪೀಟರ್ ಕ್ಯಾಂಟೀನಿನಲ್ಲಿ ಬೀಳುತ್ತಿರುವ ಊಟವನ್ನೆಲ್ಲ ಟ್ರೇಯಲ್ಲಿ ಹಿಡಿಯುವ ಶಾಟ್ ಇದೆಯಲ್ಲ, ಅದು ಗ್ರಾಫಿಕ್ಸ್ ಅಲ್ಲ, ಟೋಬಿ ಮಗ್ವೈರ್ ಕೈಗೆ ಟ್ರೇ ಅಂಟಿಸಿಕೊಂಡು ನಿಜವಾಗಿ ಹಿಡಿದದ್ದು, 156 ಟೇಕ್ ಆಯಿತು ಎಂದು ಚಿತ್ರತಂಡದವರೇ ಹೇಳಿದ್ದಾರೆ. ಇದನ್ನು ಹೇಳಿದರೆ ಅವಳ ಮೊದಲ ಪ್ರಶ್ನೆ "ಹಾಗಾದ್ರೆ 156 ಸಲ ಆ ಊಟ ಎತ್ತಿ ಜೋಡಿಸಿದ್ದು ಯಾರಪ್ಪಾ?"

ಈಗ ಹೊಸ ಸುದ್ದಿ. ಶನಿವಾರ ಅವಳೂ ಅವಳ ಚಿಕ್ಕಪ್ಪನ ಮಗನೂ ನಮ್ಮ ತಾರಸಿಯ ಮೇಲೆ ಮೊಬೈಲಿನಲ್ಲಿ ಒಂದು ಸೂಪರ್‌ಹೀರೋ ಚಿತ್ರ ತೆಗೆಯುತ್ತಾರಂತೆ. ಅವನು ಹೀರೋ, ಕೆಂಪು ಟವೆಲ್ ಕಟ್ಟಿಕೊಳ್ಳುತ್ತಾನೆ. ಕಂಟಿನ್ಯೂಟಿ ಇವಳದು. ನೋಟ್‌ಬುಕ್ಕಿನಲ್ಲಿ ಆಗಲೇ ಒಂದು ಸಾಲು ಬಿದ್ದಿದೆ: "ಟವೆಲ್ ಗಂಟು, ಅವನ ಎಡ."

ಬಳೆಲೆಕ್ಕ ಮೇಡಂ, ಅವಳದೊಂದು ಪ್ರಶ್ನೆ. ನಾಲ್ಕು ಗಂಟೆಗೆ ಶುರು ಮಾಡಿದರೆ ನೀರಿನ ಟ್ಯಾಂಕಿನ ನೆರಳು ಸರಿಯುತ್ತಾ ಹೋಗುತ್ತದೆ. ಏನು ಮಾಡಬೇಕು?

ಬಳೆಲೆಕ್ಕ:

ಪುಟ್ಟೀ, ಟ್ಯಾಂಕ್ ಕಾಣುವ ಅಗಲದ ಶಾಟ್‌ಗಳನ್ನೆಲ್ಲ ಮೊದಲ ಅರ್ಧ ಗಂಟೆಯಲ್ಲೇ ಮುಗಿಸಿಬಿಡು. ಕ್ಲೋಸ್ ಶಾಟ್ ಆಮೇಲೆ ಗೋಡೆಗೆ ನಿಲ್ಲಿಸಿ ತೆಗೆದರಾಯಿತು, ನೆರಳು ಕಾಣುವುದಿಲ್ಲ. ಪ್ರತಿ ಶಾಟ್ ಆದ ತಕ್ಷಣ ಒಂದು ಫೋಟೋ ಹೊಡೆದುಕೋ. ಮತ್ತೆ, ಟವೆಲ್ ಒದ್ದೆಯಾಗಿದೆಯೋ ಒಣಗಿದೆಯೋ ಅದನ್ನೂ ಬರೆದುಕೋ.