‘ಹೊಲಿಗೆ ಬಿಟ್ಟಿತು’ ಎನ್ನಬಹುದೇ, ‘ಪಿಸಿಯಿತು’ ಎನ್ನಬೇಕೇ?

ಗೆಳೆಯರೇ,

ಏಲರ್ಸ್-ಡ್ಯಾನ್ಲಾಸ್ ಎಂಬ, ಮೈಯ ಭಾಗಗಳನ್ನು ಹಿಡಿದಿಡುವ ಅಂಗಾಂಶವೇ ಹುಟ್ಟಿನಿಂದ ಸಡಿಲವಾಗಿರುವ ಕಾಯಿಲೆಯವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ತಿಳಿವಳಿಕೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸಂಯೋಜಕ ಅಂಗಾಂಶ’ ಶಾಲೆಯ ಪಠ್ಯದಲ್ಲೇ ಇದೆ, ‘ಆನುವಂಶಿಕ’ವೂ ನಡೆಯುತ್ತದೆ. ನಾನು ಸಿಕ್ಕಿಕೊಂಡಿರುವುದು ವೈದ್ಯರು ಹೇಳುವ ‘ಫ್ರಯಬಲ್’ (ಮುಟ್ಟಿದರೆ, ಎಳೆದರೆ ಸುಲಭವಾಗಿ ಹರಿಯುವಂಥದು) ಎಂಬ ಒಂದೇ ಮಾತಿನಲ್ಲಿ.

2017ರ ವರ್ಗೀಕರಣದ ಪ್ರಕಾರ ಈ ಕಾಯಿಲೆಯಲ್ಲಿ 13 ಬಗೆ. ರಕ್ತನಾಳಗಳನ್ನು ಕಾಡುವ ಬಗೆಯಲ್ಲಿ ಅಂಗಾಂಶಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಮೂರನೆಯ ವಿಧ ಕೆಟ್ಟಿರುತ್ತದೆ. ಅಪಧಮನಿ, ದೊಡ್ಡ ಕರುಳು, ಗರ್ಭಕೋಶ ತಾವಾಗಿಯೇ ಹರಿಯಬಹುದು. ಶಸ್ತ್ರಚಿಕಿತ್ಸೆಯಲ್ಲಿ ಇಕ್ಕಳ ಹಿಡಿದ ಕಡೆ ಅಂಗಾಂಶ ಕಿತ್ತುಬರುತ್ತದೆ, ಸೂಜಿಯ ತೂತು ಅಗಲವಾಗುತ್ತದೆ, ದಾರ ಬಿಗಿದರೆ ದಾರವೇ ನಾಳವನ್ನು ಕೊಯ್ಯುತ್ತದೆ. ಕೊಳವೆ ತೂರಿಸುವ ಆಂಜಿಯೋಗ್ರಾಂ ಕೂಡ ಆದಷ್ಟು ಬೇಡ ಎನ್ನುವುದು ಇದಕ್ಕೇ.

‘ಭಿದುರ’ ಎಂದರೆ ಗಾಜು ಕಣ್ಣಮುಂದೆ ಬರುತ್ತದೆ. ‘ಪೆಡಸು’ ಎಂದರೆ ಗಟ್ಟಿತನ ಸೇರಿಕೊಳ್ಳುತ್ತದೆ. ಇಲ್ಲಿರುವುದು ಅದಕ್ಕೆ ತದ್ವಿರುದ್ಧ. ‘ದುರ್ಬಲ’ ಎಂದು ಬರೆದರಂತೂ ಮನೆಯವರು ಟಾನಿಕ್ ತರಲು ಹೊರಡುತ್ತಾರೆ.

ಪೆಟ್ಟಿಗೆಯ ತಳದಲ್ಲಿದ್ದ ಅಜ್ಜಿಯ ಧಾರೆ ಸೀರೆಗೆ ಅಮ್ಮ ಒಮ್ಮೆ ಹೊಲಿಗೆ ಹಾಕಲು ಕುಳಿತಿದ್ದರು. ದಾರ ಎಳೆದಂತೆಲ್ಲ ರೇಷ್ಮೆಯ ಎಳೆಗಳು ಸರಿದು, ಹೊಲಿಗೆಯ ಪಕ್ಕದಲ್ಲೇ ಹೊಸ ಸೀಳು. “ಇದು ಪಿಸಿಯುತ್ತದೆ, ಸೂಜಿ ತಾಗಿಸಬಾರದು” ಎಂದು ಮಡಿಸಿಟ್ಟರು. ನನಗೆ ಬೇಕಾದ ಪದ ಅದೇ ಅನಿಸುತ್ತಿದೆ: ‘ಪಿಸಿಯುವ ಅಂಗಾಂಶ’.

ಜೊತೆಗೆ ಇನ್ನೊಂದು ತೊಡಕು. ‘ಹೊಲಿಗೆ ಬಿಟ್ಟಿತು’ ಎಂದರೆ ತಪ್ಪು ದಾರದ್ದೋ ಹೊಲಿದವರದ್ದೋ ಎಂಬ ಧ್ವನಿ ಬರುತ್ತದೆ. ಇಲ್ಲಿ ದಾರ ಗಟ್ಟಿಯಾಗಿಯೇ ಇರುತ್ತದೆ, ಹಿಡಿದಿಡಬೇಕಾದ ಮಾಂಸವೇ ಬಿಟ್ಟುಕೊಡುತ್ತದೆ. ಕಾಯಿಲೆಯ ಕ್ಲಾಸಿಕಲ್ ಬಗೆಯಲ್ಲಿ ಚರ್ಮದ ಗಾಯ ನಿಧಾನವಾಗಿ ಕೂಡುತ್ತದೆ, ಕಲೆ ಈರುಳ್ಳಿಯ ಒಳಪೊರೆಯಂತೆ ತೆಳುವಾಗಿ ಹಿಗ್ಗುತ್ತದೆ. ಆದ್ದರಿಂದ ವೈದ್ಯರು ಹೊಲಿಗೆಯನ್ನು ಮಾಮೂಲಿಗಿಂತ ಸುಮಾರು ಎರಡರಷ್ಟು ದಿನ ಉಳಿಸುತ್ತಾರೆ. ‘ಹೊಲಿಗೆ ಬಿಚ್ಚುವುದು ತಡ’ ಎಂದು ನಾನು ಬರೆದಿದ್ದೆ. ಓದಿದ ಒಬ್ಬರು “ತಡವಾಗಿ ಬಿಚ್ಚಿಕೊಳ್ಳುತ್ತದೆಯೇ?” ಎಂದು ಕೇಳಿದರು! ‘ಹೊಲಿಗೆ ತೆಗೆಯುವುದು’ ಎಂದು ತಿದ್ದಿದ್ದೇನೆ.

‘ಪಿಸಿ’ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಬಟ್ಟೆಗೆ ಮಾತ್ರವೇ, ಮೈಗೂ ಹೇಳುವುದುಂಟೇ? ಉತ್ತರ ಕರ್ನಾಟಕದವರು, ಕರಾವಳಿಯವರು ತಮ್ಮಲ್ಲಿರುವ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.